ಹುಳದ ಮನೆ ಒಂದನ್ನು ಬಿಟ್ಟು

ಇದನ್ನು ಹೇಳುವುದಕ್ಕೆ ನಾನು ತಕ್ಕವಳಲ್ಲ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಡೆಂಗ್ಯೂ ಬಂದ ಆ ಮಳೆಗಾಲದಲ್ಲಿ ನಿಜವಾಗಿ ದುಡಿದವರು ಆಸ್ಪತ್ರೆಯ ನರ್ಸುಗಳು, ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರು. ನಾನು ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವಳು. ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವಳು, ಅರ್ಧ ಪಾಠ ತೂಕಡಿಕೆಯಲ್ಲೇ ಹೋಯಿತು. ಎಲ್ಲಾದರೂ ವಾಕ್ಯ ಕುಂಟಿದರೆ ಸಹಿಸಿಕೊಳ್ಳಿ. ನಮ್ಮ ಮಕ್ಕಳು ಮಾಡಿದ ಕೆಲಸವನ್ನು ಬೇರೆ ಯಾರೂ ಬರೆಯುವ ಹಾಗೆ ಕಾಣಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮೂರು ಹುಣಸೆಕಟ್ಟೆಪಾಳ್ಯ, ಕೂಟಗಲ್‌ನಿಂದ ಒಂದಿಷ್ಟು ಒಳಗೆ. ಲೈಬ್ರರಿಯಲ್ಲಿ ಸಂಜೆ ಐದಕ್ಕೆ ಮಕ್ಕಳ ಕೂಟ ಸೇರುತ್ತದೆ. ಚಿಕ್ಕವರು ಕಥೆ ಓದುತ್ತಾರೆ, ಕುದುರೆ ಕಳೆದುಹೋದ ಚೆಸ್ ಮಣೆಯ ಮೇಲೆ ಕೋಟಿನ ಗುಂಡಿಯನ್ನೇ ಕುದುರೆ ಮಾಡಿ ಆಡುತ್ತಾರೆ. ಹಿಂದಿನ ಬೆಂಚಿನಲ್ಲಿ ಲೋಕೇಶ ಮತ್ತು ಅವನ ಜೊತೆಯ ಹುಡುಗ ಹುಡುಗಿಯರು ಪೊಲೀಸ್ ಪರೀಕ್ಷೆಗೆ ಓದುತ್ತಾರೆ. ಓದಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು, ಆದರೂ ಬರುತ್ತಾರೆ. ನನಗೆ ಅವರು ಬರುವುದೇ ಮುಖ್ಯ. ಕೊರೊನಾದಲ್ಲಿ ಲೈಬ್ರರಿಗೆ ಬೀಗ ಬಿದ್ದಾಗ ಈ ಕೂಟ ಪೂರ್ತಿ ಚೆದುರಿತ್ತು. ಬೀಗ ತೆಗೆದ ಮೇಲೆ ಮನೆಮನೆಗೆ ಹೋಗಿ ಕರೆದರೂ ಬಹಳ ಮಕ್ಕಳು ವಾಪಸು ಬರಲಿಲ್ಲ. ಕೆಲವು ಹೆಣ್ಣುಮಕ್ಕಳು ಅಷ್ಟರಲ್ಲಿ ಗಾರ್ಮೆಂಟ್ಸ್ ಬಸ್ಸು ಹತ್ತಿಯಾಗಿತ್ತು. ರೇಷ್ಮೆ ಬೆಳೆಯುವ ಮರಿಯಪ್ಪನವರ ಮೊಮ್ಮಗಳು ಭಾನುಪ್ರಿಯ ಎಲ್ಲರಿಗಿಂತ ಕೊನೆಗೆ ಬಂದವಳು. ಈಗ ಎಂಟನೇ ಕ್ಲಾಸು, ಕೂಟಕ್ಕೆ ಅವಳೇ ಯಜಮಾನಿ.

ಆ ಜುಲೈಯಲ್ಲಿ ಕೂಟದ ಮೂರು ಮಕ್ಕಳಿಗೆ ಜ್ವರ ಬಂತು. ಅವರಲ್ಲಿ ಮನು ಎಂಬ ನಾಲ್ಕನೇ ಕ್ಲಾಸಿನವನನ್ನು ರಾಮನಗರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರಪ್ಪನಿಗೆ ರಾಮನಗರದ ಕಡೆಯ ಫ್ಯಾಕ್ಟರಿಯಲ್ಲಿ ಕೆಲಸ, ಕನಕಪುರದ ಕಡೆಯಿಂದ ಬಂದು ನಮ್ಮೂರಲ್ಲಿ ಬಾಡಿಗೆಗಿದ್ದಾರೆ. ಮನು ಹುಷಾರಾಗಿ ಬಂದ. ಬಂದವನೇ ತನ್ನ ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದಿತ್ತು ಎಂದು ಕ್ರಿಕೆಟ್ ಸ್ಕೋರಿನ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಆದರೆ ಊರಿನಲ್ಲಿ ಮಾತು ಹುಟ್ಟಿತು: ಲೈಬ್ರರಿಯಲ್ಲಿ ಸಂಜೆ ಹೊತ್ತು ಮಕ್ಕಳನ್ನು ಕೂರಿಸಿ ಸೊಳ್ಳೆ ಕೈಲಿ ಕಚ್ಚಿಸುತ್ತಾರೆ.

ಸೋಮವಾರ ಪಂಚಾಯಿತಿಯ ಪಿಡಿಒ ಸಾಹೇಬರು ಬಂದು ಬಾಗಿಲಲ್ಲೇ ನಿಂತು ಹೇಳಿದರು. "ಧನಲಕ್ಷ್ಮಿ ಮೇಡಂ, ಶನಿವಾರದ ತನಕ ನೋಡ್ತೀನಿ. ಹೆಲ್ತ್ ಇನ್‌ಸ್ಪೆಕ್ಟರ್ ಬರ್ತಾರೆ. ಈ ಬೀದೀಲಿ ಸೊಳ್ಳೆ ಲಾರ್ವಾ ಸಿಕ್ಕಿದ್ರೆ ಮಕ್ಕಳ ಕೂಟ ಬಂದ್."

"ಎಷ್ಟು ದಿನ ಸಾರ್?"

"ಜ್ವರ ನಿಲ್ಲೋ ತನಕ."

ಕೊರೊನಾದಲ್ಲೂ ನನಗೆ ಹೀಗೇ ಹೇಳಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಮಕ್ಕಳ ಜೀವದ ಪ್ರಶ್ನೆ. ಆದರೆ ಈ ಸಲ ಚೆದುರಿದರೆ ಮತ್ತೆ ಕೂಡಿಸುವುದು ನನ್ನಿಂದ ಆಗುವುದಿಲ್ಲ ಎಂದು ನನಗೆ ಖಚಿತವಾಗಿ ಅನ್ನಿಸಿತು. ಭಾನುಪ್ರಿಯ ಮನೆಯಲ್ಲಿ ಕೂತರೆ ಮನೆಗೆಲಸಕ್ಕೇ ನಿಂತುಬಿಡುತ್ತಾಳೆ.

ಮಾರನೇ ದಿನ ಸೊಳ್ಳೆಗೆ ಹೊಗೆ ಬಿಡುವ ಮಿಷನ್ ಬಂತು. ಅದನ್ನು ಹೆಗಲಿಗೆ ಹಾಕಿಕೊಂಡು ಬಂದವನು ಮುಜಾಮಿಲ್. ಮಿಷನ್ ಗುರುಗುಟ್ಟಿದ್ದೇ ತಡ, ಮರಿಯಪ್ಪನವರು ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ರಸ್ತೆ ಮಧ್ಯೆ ಎಸೆದು ಅಡ್ಡ ನಿಂತರು.

"ಏಯ್, ನಿಲ್ಸಪ್ಪ ಅದ್ನ!"

"ಪಂಚಾಯ್ತಿ ಆರ್ಡರು ಯಜಮಾನ್ರೇ."

"ಆರ್ಡರು ಸೊಳ್ಳೆಗೋ, ನನ್ನ ಹುಳಕ್ಕೋ? ಯಾವ್ದು ಸೊಳ್ಳೆ, ಯಾವ್ದು ರೇಷ್ಮೆ ಹುಳ ಅಂತ ನಿನ್ ಹೊಗೆಗೆ ಗೊತ್ತಾಯ್ತದಾ? ಕೊನೇ ಊಟ ಮಾಡ್ತಾ ಕುಂತವೆ. ಇನ್ನೇನು ಹಣ್ಣಾಗಿ ಗೂಡು ಕಟ್ಟೋ ಹೊತ್ನಲ್ಲಿ ಹೊಗೆ ಹಾಕ್ಬುಟ್ರೆ ಎಲ್ಲಾ ತಟ್ಟೇಲೇ ಸಾಯ್ತವೆ."

ಹಿಂದೆ ಇನ್ನೂ ನಾಲ್ಕು ಮನೆಯವರು ಬಂದು ನಿಂತರು. ನಮ್ಮ ಬೀದಿಯಲ್ಲಿ ರೇಷ್ಮೆ ಸಾಕುವ ಹುಳದ ಮನೆ ಇಲ್ಲದವರೇ ಕಡಿಮೆ. ಮುಜಾಮಿಲ್ ಮಿಷನ್ ಆಫ್ ಮಾಡಿ ಕೆಳಗಿಟ್ಟ.

"ನಮ್ಮಪ್ಪಂದೂ ನೂಲು ತೆಗಿಯೋ ಕೆಲ್ಸಾನೇ ಯಜಮಾನ್ರೇ. ನೀವು ಗೂಡು ತರ್ಲಿಲ್ಲಾಂದ್ರೆ ನಮ್ಮನೆ ಒಲೆ ಉರಿಯಾಕಿಲ್ಲ. ಹುಳ ಅವೆ ಅಂತ ಯಾರೂ ಹೇಳ್ಲಿಲ್ಲ ನಂಗೆ."

"ಅಂಗಾದ್ರೆ ಬಾ, ಒಸಿ ಕಾಫಿ ಕುಡಿ."

ಅವನು ಕಾಫಿ ಕುಡಿದು, ಊರಾಚೆಯ ಮೋರಿಗೆ ಹೊಗೆ ಬಿಟ್ಟು ಹೋದ. ಹಿಂದಿನಿಂದ ಲೋಕೇಶ ಕೂಗಿದ, "ಮುಜಾಮಿಲಣ್ಣ, ಅಲ್ಲಿರೋ ಸೊಳ್ಳೆಗಳ್ಗೆ ಇಲ್ಲಿಗೆ ಬರ್ಬ್ಯಾಡಿ ಅಂತ ಹೇಳ್ಬುಟ್ಟು ಹೋಗು!"

ಆಶಾ ಕಾರ್ಯಕರ್ತೆ ವರಲಕ್ಷ್ಮಮ್ಮನಿಗೆ ಬೀದಿಗೆ ಹೊಗೆ ತಪ್ಪಿದ್ದಕ್ಕೆ ಬೇಸರವೇನೂ ಆಗಲಿಲ್ಲ. "ಹೊಗೆ ಹಾಕಿದ್ರೆ ಹಾರೋವು ಸಾಯ್ತವೆ, ನೀರಲ್ಲಿರೋವು ನಾಳೆ ಹಾರ್ತವೆ. ನೀರು ಹುಡುಕ್ಬೇಕು ಧನಮ್ಮ. ನಾನೊಬ್ಳು, ಮನೆ ಇಷ್ಟೊಂದು. ನಿನ್ನ ಸೈನ್ಯ ಕೊಡು ಒಸಿ."

ಸೈನ್ಯ ಎಂದರೆ ನಮ್ಮ ಕೂಟ. ನನಗೆ ಹೆದರಿಕೆಯಾಯಿತು, ಹುಡುಕಲು ಹೋದ ಮಕ್ಕಳನ್ನೇ ಸೊಳ್ಳೆ ಕಚ್ಚಿದರೆ? ಎಲ್ಲರಿಗೂ ತುಂಬುತೋಳಿನ ಅಂಗಿ ಹಾಕಿಸಿದೆ, ಕೈಕಾಲಿಗೆ ಬೇವಿನ ಎಣ್ಣೆ ಹಚ್ಚಿಸಿದೆ. ಹಿಂದಿನ ಬೆಂಚಿನ ದೊಡ್ಡವರನ್ನು ಒಂದೊಂದು ಗುಂಪಿಗೆ ಒಬ್ಬರಂತೆ ಹಾಕಿದೆ. ವರಲಕ್ಷ್ಮಮ್ಮ ಬಿಳಿ ಡಬ್ಬಿಯ ಮುಚ್ಚಳದಲ್ಲಿ ತೊಟ್ಟಿಯ ನೀರು ಮೊಗೆದು, ಟಾರ್ಚ್ ಬಿಟ್ಟು, ಕೊಂಕುತ್ತ ಈಜುವ ಸೊಳ್ಳೆ ಮರಿಗಳನ್ನು ತೋರಿಸಿದಳು. ಮಕ್ಕಳಿಗೆ ಅಷ್ಟೇ ಸಾಕಾಯಿತು. ಊರು ಅವರ ಕೈಗೆ ಹೋಯಿತು.

ಒಡೆದ ಮಡಕೆ, ತೆಂಗಿನ ಚಿಪ್ಪು, ಟ್ರಾಕ್ಟರಿನ ಹಳೇ ಟೈರು, ಬಸ್ ಸ್ಟ್ಯಾಂಡಿನ ಮೇಲಿನ ಪ್ಲಾಸ್ಟಿಕ್ ಹಾಳೆಯ ಗುಂಡಿ, ಯಾವುದನ್ನೂ ಅವರು ಬಿಡಲಿಲ್ಲ. ನೀರು ಚೆಲ್ಲಿದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ನಗುವ ಮುಖ ಬರೆಯುವುದು ಭಾನುಪ್ರಿಯಳ ಉಪಾಯ. ನಗುವ ಮುಖ ಸಿಗದವರು ಮೊದಲ ದಿನ ಬೈದರು, ಎರಡನೇ ದಿನ ತಾವೇ ಕರೆದು ತೊಟ್ಟಿ ತೋರಿಸಿದರು.

ಬೋರಮ್ಮಜ್ಜಿ ಮಾತ್ರ ಕೋಳಿ ನೀರಿನ ಕಲ್ಲು ಬಾನಿಯನ್ನು ಮುಟ್ಟಗೊಡಲಿಲ್ಲ. "ಕೋಳಿ ಕುಡಿಯೋ ನೀರು ಕಣ್ಲಾ ಅದು. ಹೋಗ್ ಅತ್ಲಾಗೆ!"

ಮನು ಗಂಭೀರವಾಗಿ ಹೇಳಿದ, "ಅಜ್ಜಿ, ಕೋಳಿಗೆ ಡೆಂಗ್ಯೂ ಬಂದ್ರೆ ಮೊಟ್ಟೆಗೂ ಬರುತ್ತೆ."

ಅಜ್ಜಿ ಬಾನಿಯನ್ನು ಬೋರಲು ಹಾಕಿದಳು. ಅದು ಶುದ್ಧ ಸುಳ್ಳು. ಸುಳ್ಳು ಹೇಳಿ ಒಳ್ಳೆಯ ಕೆಲಸ ಮಾಡಿಸಬಹುದೇ ಎಂದು ಇಡೀ ದಿನ ಯೋಚಿಸಿ, ಸಂಜೆ ಹೋಗಿ ತಿದ್ದಿ ಹೇಳಿದೆ. "ಗೊತ್ತು ಕಣವ್ವ" ಅಂದಳು ಅಜ್ಜಿ. "ಗೇಣುದ್ದ ಇರೋ ಮಗ ಅಷ್ಟು ದೊಡ್ಡ ಸುಳ್ಳು ಹೇಳ್ತಾನಲ್ಲ, ಪಾಪ ಅಂತ ಚೆಲ್ದೆ."

ಗುರುವಾರದ ಹೊತ್ತಿಗೆ ಬೀದಿಯ ಎಲ್ಲ ಬಾಗಿಲುಗಳೂ ನಗುತ್ತಿದ್ದವು. ನಾನು ಒಂದಿಷ್ಟು ಉಸಿರು ಬಿಟ್ಟೆ. ಅಂದೇ ಮಧ್ಯಾಹ್ನ ಮರಿಯಪ್ಪನವರ ಹೆಂಡತಿ ಚಿಕ್ಕಲಕ್ಷ್ಮಮ್ಮನಿಗೆ ಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ಡೆಂಗ್ಯೂ ಎಂದೇ ಬಂತು. ಅಪಾಯವಿಲ್ಲ, ನೀರು ಚೆನ್ನಾಗಿ ಕುಡಿದು ಮಲಗಿರಲಿ ಎಂದರು ಡಾಕ್ಟರು. ನಾನು ನೋಡಲು ಹೋದಾಗ ಆಕೆ ಸೊಳ್ಳೆ ಪರದೆಯೊಳಗೆ ಮಲಗಿಕೊಂಡೇ ಸೊಸೆಗೆ ಸಾರಿನ ಹದ ಹೇಳುತ್ತಿದ್ದಳು.

"ಧನಮ್ಮ, ನನ್ ಬಾಗ್ಲಲ್ಲಿ ನಗೋ ಮೊಕ ಬರ್ದವ್ರಲ್ಲ ನಿನ್ ಮಕ್ಳು, ಅದ್ನ ಒಸಿ ಅಳಿಸ್ಸು. ನಂಗೆ ಮೈಕೈ ನೋವು, ಅದು ನೋಡುದ್ರೆ ನಗ್ತಾ ಕುಂತದೆ."

ಅಂಗಳದಲ್ಲಿ ಮರಿಯಪ್ಪನವರು ಸೊಪ್ಪು ಕತ್ತರಿಸುತ್ತಿದ್ದರು. ಭಾನುಪ್ರಿಯ ಬಾಗಿಲ ಮೇಲಿನ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. "ಮಿಸ್, ನಮ್ಮನೇಲಿ ಎಲ್ಲಾ ನೋಡಿದ್ವಿ. ಆಣೆ ಮಾಡ್ತೀನಿ, ಎಲ್ಲಾ ನೋಡಿದ್ವಿ" ಎಂದಳು. ಸಂಜೆಗೆ ಅವಳ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಅತ್ತೆ ಹುಷಾರಾಗುವ ತನಕ ಇವಳನ್ನು ಕೂಟಕ್ಕೆ ಕಳಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದಳು. ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ಶುಕ್ರವಾರ ಕೂಟಕ್ಕೆ ಅರ್ಧಕ್ಕರ್ಧ ಮಕ್ಕಳು ಬರಲಿಲ್ಲ. ಭಾನುಪ್ರಿಯ ಬಂದಿದ್ದಳು, ಅಮ್ಮ ಹೊಲಕ್ಕೆ ಹೋಗಿದ್ದಾಳೆ, ಹೇಳಬೇಡಿ ಎಂದಳು. ವರಲಕ್ಷ್ಮಮ್ಮ ಬಂದು ಬೆಂಚಿನ ಮೇಲೆ ಕುಸಿದು ಕೂತಳು. ಇನ್ನೆಲ್ಲಿ ಹುಡುಕುವುದು ಎಂದು ಎಲ್ಲರೂ ಒಂದೊಂದು ಹೇಳಿದರು, ಎಲ್ಲವೂ ನೋಡಿದ ಜಾಗವೇ.

ಆಗ ಮನು ಕೇಳಿದ, "ಮಿಸ್, ಹುಳದ ಮನೇಲಿ ನೀರಿರಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಳ ಇರುವಾಗ ಹುಳದ ಮನೆಗೆ ಹೊರಗಿನವರು ಕಾಲಿಡುವುದೆಂದರೆ ಏನು? ಮನೆಯವರಾದರೂ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ರೋಗ ಯಾರ ಕಾಲಿನಲ್ಲಿ ಬರುತ್ತದೋ ಯಾರಿಗೆ ಗೊತ್ತು? ನಾನೂ ಹುಳದ ಮನೆಯಲ್ಲೇ ಬೆಳೆದವಳು. ಅಲ್ಲಿ ಇಣುಕಬೇಕೆಂದು ನನಗಾಗಲಿ, ವರಲಕ್ಷ್ಮಮ್ಮನಿಗಾಗಲಿ, ಇಪ್ಪತ್ತು ಮಕ್ಕಳಲ್ಲಿ ಒಬ್ಬರಿಗಾಗಲಿ ಹೊಳೆದೇ ಇರಲಿಲ್ಲ. ಮನುವಿಗೆ ಹೊಳೆಯಿತು, ಏಕೆಂದರೆ ಅವರ ಮನೆಯಲ್ಲಿ ಹುಳ ಇಲ್ಲ.

"ಹುಳಕ್ಕೆ ನೀರ್ಯಾಕ್ಲಾ?" ಅಂದ ಲೋಕೇಶ. "ಅವು ಸೊಪ್ಪು ತಿಂತವೆ ಅಷ್ಟೇ..." ಮಾತು ಅಲ್ಲಿಗೇ ನಿಂತಿತು.

ಭಾನುಪ್ರಿಯ ಎದ್ದು ನಿಂತಿದ್ದಳು. "ಸ್ಟ್ಯಾಂಡಿನ ಕಾಲು" ಎಂದಳು.

ಹುಳದ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಒಂದೊಂದು ಕಾಲೂ ಒಂದೊಂದು ನೀರಿನ ಬಟ್ಟಲಿನಲ್ಲಿ ನಿಂತಿರುತ್ತದೆ. ಇರುವೆ ಹತ್ತಿ ಬಂದು ಹುಳವನ್ನು ಕಚ್ಚದಿರಲಿ ಎಂದು. ಬೆಳೆ ಮುಗಿಯುವ ತನಕ ಆ ನೀರನ್ನು ಯಾರೂ ಅಲುಗಿಸುವುದಿಲ್ಲ. ಆರಿದರೆ ಮೇಲೊಂದಿಷ್ಟು ಸುರಿಯುತ್ತಾರೆ. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ರತಿಯೊಬ್ಬರೂ ಮನಸ್ಸಿನಲ್ಲೇ ತಮ್ಮ ಮನೆಯ ಬಟ್ಟಲು ಎಣಿಸುತ್ತಿದ್ದರು ಎಂದು ಕಾಣುತ್ತದೆ.

ಮರಿಯಪ್ಪನವರಿಗೆ ಹೇಳಬೇಕಾದವಳು ನಾನೇ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಹೋದೆ, ಅವರ ಎದುರು ನಿಂತಾಗ ಒಂದೂ ಉಳಿಯಲಿಲ್ಲ. ಹೇಗೋ ಹೇಳಿದೆ. ಅವರಿಗೆ ಸಿಟ್ಟು ಬಂತು.

"ಏನವ್ವ ಧನಮ್ಮ, ನನ್ ಹುಳದ ಮನೇಲಿ ಸೊಳ್ಳೆಯಾ? ಹುಳದ ಮೇಲೆ ಮೊಟ್ಟೆ ಇಡೋ ಊಜಿ ನೊಣ ಬರ್ದಂಗೆ ಕಿಟಕಿಗೆಲ್ಲ ಬಲೆ ಹೊಡ್ಸಿವ್ನಿ. ಸೊಳ್ಳೆ ಎಲ್ಲಿಂದ ಬತ್ತದೆ?"

"ತುಂಬಾ ಬರೋದೇ ಬೇಡ ತಾತ" ಎಂದಳು ಭಾನುಪ್ರಿಯ. "ಒಂದು ಬಂದಿದ್ರೆ ಸಾಕು, ಮಿಕ್ಕಿದ್ದು ಒಳಗೇ ಹುಟ್ತವೆ. ನೀನು ಸೊಪ್ಪು ಹಾಕಾಕೆ ಬಾಗ್ಲು ತೆಗ್ದಾಗ ಆಚೆ ಬರ್ತವೆ."

"ಹೊರಗಿನೋರ್ನ ಬುಡಾಕಿಲ್ಲ."

"ನಾನು ಹೊರಗಿನವಳಾ?"

ಮರಿಯಪ್ಪನವರು ಬಾಗಿಲು ಬಿಟ್ಟು ಸರಿದರು. ಭಾನುಪ್ರಿಯ ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಉಟ್ಟು, ಸುಣ್ಣ ತುಳಿದು ಒಳಗೆ ಹೋದಳು. ನಾವು ಹೊರಗೆ ನಿಂತೆವು. ಒಳಗೆ ಹುಳಗಳು ಸೊಪ್ಪು ತಿನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ನನ್ನ ಮನಸ್ಸಿನಲ್ಲಿ ಎರಡು ಬೇಡಿಕೆಗಳು ಒಟ್ಟಿಗೇ ಓಡುತ್ತಿದ್ದವು: ಮರಿ ಸಿಗಲಿ ಎಂದು, ಸಿಗದಿರಲಿ ಎಂದು.

ಅವಳು ಬಿಳಿ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ಮರಿಯಪ್ಪನವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಮುಚ್ಚಳದ ತುಂಬ ಸೊಳ್ಳೆ ಮರಿಗಳು ಕೊಂಕುತ್ತಿದ್ದವು.

"ಲೇ" ಎಂದರು, ಯಾರಿಗೂ ಅಲ್ಲ. "ಇಷ್ಟು ದಿವ್ಸ ನಾನು ಎರಡು ಬೆಳೆ ತೆಗೀತಿದ್ನಾ?"

ಪರದೆಯೊಳಗಿನಿಂದ ಚಿಕ್ಕಲಕ್ಷ್ಮಮ್ಮನ ದನಿ ಬಂತು. "ಒಂದನ್ನ ಮಾರ್ಕೆಟ್ಟಿಗೆ ಹಾಕ್ದೆ, ಇನ್ನೊಂದನ್ನ ನಂಗೆ ಹಾಕ್ದೆ!"

ನಮಗೆ ನಗು ತಡೆಯಲಾಗಲಿಲ್ಲ. ಮರಿಯಪ್ಪನವರು ನಗಲಿಲ್ಲ. ಹೋಗಿ ಪರದೆಯ ಪಕ್ಕ ಕೂತು ಹೆಂಡತಿಯ ಕೈ ಮುಟ್ಟಿ ನೋಡಿದರು. ಇನ್ನೂ ಬಿಸಿ ಇತ್ತು ಎಂದು ಕಾಣುತ್ತದೆ. ಎದ್ದು ಹೊರಗೆ ಬಂದವರೇ ಬೀದಿಗೆ ಕೇಳುವ ಹಾಗೆ ಕೂಗಿದರು, "ಹುಳ ಇಟ್ಟಿರೋರೆಲ್ಲ ಬರ್ರಪ್ಪ ಇಲ್ಲಿ! ನನ್ ಮನೇಲಿ ಏನೈತೆ ನೋಡ್ರಿ! ನಿಮ್ಮನೇಲೂ ಐತೆ!"

ಬಟ್ಟಲಿಗೆ ಏನು ಮಾಡುವುದು ಎಂದು ಅಂಗಳದಲ್ಲೇ ಚರ್ಚೆಯಾಯಿತು. ಸೀಮೆಎಣ್ಣೆ ಬಿಡೋಣ ಎಂದರೆ ವಾಸನೆಗೆ ಹುಳ ಸೊಪ್ಪು ಬಿಡುತ್ತವೆ. ಬೂದಿ ಹಾಕೋಣ ಎಂದರೆ ಹಾರಿ ಸೊಪ್ಪಿನ ಮೇಲೆ ಕೂರುತ್ತದೆ. ಹುಳ ತುಂಬಿದ ಸ್ಟ್ಯಾಂಡ್ ಎತ್ತಿ ಬಟ್ಟಲು ತೆಗೆಯುವ ಹಾಗೂ ಇಲ್ಲ. ಕೊನೆಗೆ ವರಲಕ್ಷ್ಮಮ್ಮ ಹೇಳಿದಂತೆ ಆಯಿತು: ಹಳೇ ಬಟ್ಟೆಯಲ್ಲಿ ನೀರನ್ನು ಹೀರಿಸಿ ಒಣ ಮಣ್ಣಿಗೆ ಹಿಂಡುವುದು, ಮೊಟ್ಟೆ ಅಂಟಿರುತ್ತದಾದ್ದರಿಂದ ಬಟ್ಟಲಿನ ಅಂಚನ್ನು ಚೆನ್ನಾಗಿ ಉಜ್ಜುವುದು, ಹೊಸ ನೀರು ಹಾಕುವುದು, ವಾರಕ್ಕೆ ಎರಡು ಸಲ. ಸ್ಟ್ಯಾಂಡಿನ ಕೆಳಗೆ ನುಸುಳಲು ದೊಡ್ಡವರ ಸೊಂಟ ಒಪ್ಪುವುದಿಲ್ಲ. ಹೊರಗಿನ ಮಕ್ಕಳನ್ನು ಬಿಡುವ ಹಾಗಿಲ್ಲ. ಆದ್ದರಿಂದ ಅವರವರ ಮನೆಯ ಹುಳದ ಮನೆಗೆ ಅವರವರ ಮಕ್ಕಳೇ.

ಶುಕ್ರವಾರ ಸಂಜೆ ನಮ್ಮ ಬೀದಿಯ ಎಲ್ಲ ಬಚ್ಚಲುಗಳಲ್ಲೂ ಒಟ್ಟಿಗೇ ನೀರು ಬಿದ್ದ ಸದ್ದು. ಸ್ನಾನವೆಂದರೆ ಓಡಿಹೋಗುವ ಹುಡುಗರು ಸಾಲುಗಟ್ಟಿ ಮೀಯುತ್ತಿದ್ದರು. ಲೋಕೇಶ ಪೊಲೀಸ್ ಆಗುವವನ ಎದೆ ಉಬ್ಬಿಸಿಕೊಂಡು ಅವರ ಮನೆಯ ಸ್ಟ್ಯಾಂಡಿನ ಕೆಳಗೆ ನುಗ್ಗಿ ಸಿಕ್ಕಿಹಾಕಿಕೊಂಡ. ಅವನ ತಂಗಿ ಕಾಲು ಹಿಡಿದು ಎಳೆಯಬೇಕಾಯಿತು. ಮನುವಿಗೆ ನುಸುಳಲು ಹುಳದ ಮನೆಯೇ ಇಲ್ಲ, ಆದರೂ ಸ್ನಾನ ಮಾಡಿ ಬಂದ. ಹಿಂಡಿದ ಬಟ್ಟೆಗಳನ್ನು ಪರೀಕ್ಷಿಸುವ ಅಧಿಕಾರವನ್ನು ತಾನೇ ವಹಿಸಿಕೊಂಡ. ಭಾನುಪ್ರಿಯಳ ಅಮ್ಮ ಹೊಲದಿಂದ ಬಂದು ಮಗಳನ್ನು ನೋಡಿದಳು, ಒದ್ದೆ ತಲೆ, ಮೊಣಕಾಲೆಲ್ಲ ಸುಣ್ಣ. ಬೈಯುತ್ತಾಳೆ ಎಂದುಕೊಂಡೆ. "ತಲೆ ಒರಸ್ಕೊಳೇ, ಶೀತ ಆದಾತು" ಎಂದಳು, ಅಷ್ಟೇ.

ಶನಿವಾರ ಪಿಡಿಒ ಸಾಹೇಬರು, ಹೆಲ್ತ್ ಇನ್‌ಸ್ಪೆಕ್ಟರ್ ಇಬ್ಬರೂ ಬಂದರು. ತೊಟ್ಟಿ, ಮಡಕೆ ಎಲ್ಲ ನೋಡಿದರು. ನಾನು ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ನನ್ನ ಮನಸ್ಸು ತಡೆಯಲಿಲ್ಲ, ಬಟ್ಟಲುಗಳ ವಿಷಯ ಹೇಳಿಬಿಟ್ಟೆ. ಇನ್‌ಸ್ಪೆಕ್ಟರಿಗೂ ಅದು ಹೊಸದು. ಅದನ್ನೂ ನೋಡಲೇಬೇಕು ಎಂದರು. ಲೋಕೇಶ ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ.

ಮರಿಯಪ್ಪನವರು ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತರು. "ಸಾಮಿ, ನೀವು ದೊಡ್ಡೋರು. ಆದ್ರೆ ಸೆಂಟು ಹಾಕ್ಕೊಂಡಿದ್ದೀರಿ. ನನ್ ಹುಳ ಸೊಪ್ಪು ಮುಟ್ಟಾಕಿಲ್ಲ."

ಪಿಡಿಒ ಸಾಹೇಬರು ತಮ್ಮ ಅಂಗಿಯನ್ನು ತಾವೇ ಮೂಸಿ ನೋಡಿಕೊಂಡರು.

ಕೊನೆಗೆ ಇಬ್ಬರೂ ಅಧಿಕಾರಿಗಳು ಹೊರಗೆ ಬಲೆಯ ಕಿಟಕಿಗೆ ಮೂಗು ಹಚ್ಚಿ ನಿಂತರು. ಒಳಗೆ ಭಾನುಪ್ರಿಯ ತೆವಳಿಕೊಂಡು ಹೋಗಿ, ಒಂದೊಂದು ಕಾಲಿಗೂ ಟಾರ್ಚ್ ಬಿಟ್ಟು, ಚಮಚದಲ್ಲಿ ನೀರು ಮೊಗೆದು ಮುಚ್ಚಳಕ್ಕೆ ಹಾಕಿ, ಕಿಟಕಿಗೆ ತಂದು ತೋರಿಸಿದಳು. "ಇದು ಒಂದನೇ ಸ್ಟ್ಯಾಂಡ್, ಬಾಗ್ಲ ಕಡೆ ಕಾಲು ಸಾರ್. ಏನಾದ್ರೂ ಕಾಣುತ್ತಾ?" "ಇಲ್ಲಮ್ಮ." "ಸರಿಯಾಗಿ ನೋಡಿ ಸಾರ್." ಅವರು ಸರಿಯಾಗಿ ನೋಡಿದರು. ಎಲ್ಲ ಕಾಲೂ ಮುಗಿಯುವ ತನಕ ಅವಳು ಅವರನ್ನು ಕದಲಗೊಡಲಿಲ್ಲ. ಎಲ್ಲದರಲ್ಲೂ ಬರೀ ನೀರು.

"ಸರಿ ಮೇಡಂ" ಎಂದರು ಪಿಡಿಒ ಸಾಹೇಬರು, ಮೂಗಿನ ಮೇಲೆ ಬಲೆಯ ಗುರುತು ಮೂಡಿತ್ತು. "ಕೂಟ ನಡೀಲಿ. ಆದ್ರೆ ಪ್ರತಿ ಶನಿವಾರ ಈ ಹುಡುಗೀನೇ ನಂಗೆ ಫೋನ್ ಮಾಡಿ ಹೇಳ್ಬೇಕು."

ಭಾನುಪ್ರಿಯಳ ಅಮ್ಮ ಪಕ್ಕದಲ್ಲೇ ಇದ್ದಳು. "ಪ್ರತಿ ಶನಿವಾರ ಅಂದ್ರೆ ಕೂಟಕ್ಕೆ ಬರ್ಲೇಬೇಕಲ್ಲ" ಎಂದು ತನಗೆ ತಾನೇ ಎಂಬಂತೆ ಹೇಳಿದಳು. ಸೋಮವಾರ ಭಾನುಪ್ರಿಯ ಐದಕ್ಕೆ ಮೊದಲೇ ಬಂದು ಬೆಂಚು ಸರಿಸುತ್ತಿದ್ದಳು.

ಚಿಕ್ಕಲಕ್ಷ್ಮಮ್ಮ ಎದ್ದು ಓಡಾಡುವ ಹಾಗಾದಳು. ಹುಳ ಹಣ್ಣಾಗಿ ಗೂಡು ಕಟ್ಟಿದವು. ಆಮೇಲೆ ನಮ್ಮ ಬೀದಿಯಲ್ಲಿ ಜ್ವರ ಕಡಿಮೆಯಾಯಿತು. ಆದರೆ ಅದೇ ಹೊತ್ತಿಗೆ ಜಡಿಮಳೆಯೂ ಹಿಡಿದು ನಿಂತ ನೀರೆಲ್ಲ ಕೊಚ್ಚಿಹೋಗಿತ್ತು, ಬಟ್ಟಲು ಮುಟ್ಟದ ಊರುಗಳಲ್ಲೂ ಜ್ವರ ಇಳಿಯಿತು. ನಮ್ಮ ಮಕ್ಕಳು ಹೀರಿಸಿ ಚೆಲ್ಲಿದ ನೀರಿನಿಂದ ಎಷ್ಟು ಜನರಿಗೆ ಜ್ವರ ತಪ್ಪಿತು ಎಂದು ವರಲಕ್ಷ್ಮಮ್ಮನನ್ನು ಕೇಳಿದೆ. "ಬರ್ದೇ ಇದ್ದ ಜ್ವರಾನ ಎಂಗೆ ಎಣಿಸ್ತೀಯ ಧನಮ್ಮ?" ಎಂದಳು. ಹತ್ತು ಜನಕ್ಕೆ ತಪ್ಪಿತೋ, ಒಬ್ಬರಿಗಾದರೂ ತಪ್ಪಿತೋ, ನನಗೆ ಗೊತ್ತಿಲ್ಲ. ಚಿಕ್ಕಲಕ್ಷ್ಮಮ್ಮನನ್ನು ಕಚ್ಚಿದ ಸೊಳ್ಳೆ ಆ ಬಟ್ಟಲಿನಲ್ಲೇ ಹುಟ್ಟಿತ್ತೋ, ಬೇರೆಲ್ಲಿಂದಲೋ ಬಂದಿತ್ತೋ, ಅದೂ ಗೊತ್ತಿಲ್ಲ.